ಕೂದಲಿಗೋಸ್ಕರ ಇಸ್ತಾಂಬುಲ್‌ಗೆ ಹೋಗಿದ್ದೆವು

ಬೆಳಿಗ್ಗೆ ತಿಂಡಿಗೆಂದು ಹೋಟೆಲಿನ ಕೆಳಗಿನ ಹಾಲ್‌ಗೆ ಇಳಿದರೆ, ಅಲ್ಲಿ ಕೂತಿದ್ದವರಲ್ಲಿ ಅರ್ಧಕ್ಕರ್ಧ ಜನರ ತಲೆ ನುಣ್ಣಗೆ ಬೋಳಿಸಿತ್ತು. ತಲೆ ತುಂಬ ಕೆಂಪು ಚುಕ್ಕೆ, ಹಣೆಗೆ ಕಪ್ಪು ಪಟ್ಟಿ, ಕುತ್ತಿಗೆಗೆ ಗಾಳಿ ತುಂಬಿದ ದಿಂಬು. ಇಂಗ್ಲೆಂಡಿನವರು, ಇಟಲಿಯವರು, ಅರಬ್ಬರು, ಮೂಲೆಯಲ್ಲೊಬ್ಬ ಗುಜರಾತಿ. ಯಾರೂ ಯಾರನ್ನೂ ವಿಚಿತ್ರವಾಗಿ ನೋಡುತ್ತಿರಲಿಲ್ಲ. ತಿರುಪತಿಯಲ್ಲಿ ಮುಡಿ ಕೊಟ್ಟು ಬಂದವರ ಪಂಕ್ತಿಯಲ್ಲಿ ಕೂತ ಹಾಗಿತ್ತು. ವ್ಯತ್ಯಾಸ ಇಷ್ಟೇ, ಅಲ್ಲಿ ಕೂದಲು ಕೊಡೋಕೆ ಹೋಗ್ತಾರೆ, ಇಲ್ಲಿ ತಗೊಳ್ಳೋಕೆ ಬಂದಿದ್ರು.

ನಾನೂ ಅದಕ್ಕೇ ಬಂದಿದ್ದೆ. ಜೊತೆಗೆ ನಮ್ಮ ದೊಡ್ಡಮ್ಮನ ಮಗ, ನನಗಿಂತ ನಾಲ್ಕು ವರ್ಷ ದೊಡ್ಡವನು. ಬೊಕ್ಕತಲೆ ನಮ್ಮ ಮನೆತನದ ಆಸ್ತಿ. ಅಪ್ಪನಿಗೆ ಮೂವತ್ತೈದಕ್ಕೆ ಪೂರ್ತಿ ಹೋಗಿತ್ತು. ನನಗೆ ಇಪ್ಪತ್ತಾರಕ್ಕೇ ಹಣೆ ಮೇಲೇರಲು ಶುರುವಾಯಿತು. ಎರಡು ಹೆಣ್ಣಿನ ಕಡೆಯವರು ಫೋಟೊ ನೋಡಿ ‘ಹುಡುಗನಿಗೆ ವಯಸ್ಸು ಜಾಸ್ತಿ ಅನ್ಸುತ್ತೆ’ ಅಂದರು. ಅಮ್ಮ ಈ ಮಾತನ್ನು ನನ್ನ ಮುಂದೆ ಹೇಳಲಿಲ್ಲ. ದೊಡ್ಡಮ್ಮನಿಗೆ ಫೋನಿನಲ್ಲಿ ಹೇಳುವಾಗ ನನ್ನ ಕಿವಿಗೆ ಬಿತ್ತು. ಅವತ್ತು ರಾತ್ರಿಯೇ ನಾನು ಅಣ್ಣನಿಗೆ ಮೆಸೇಜ್ ಮಾಡಿದೆ, ‘ನೀನು ಹೇಳ್ತಿದ್ದ ಟರ್ಕಿ ವಿಷಯ ಏನಾಯ್ತು?’

ಟರ್ಕಿ ಈ ಕೆಲಸಕ್ಕೆ ಹೆಸರುವಾಸಿ. ಅಲ್ಲಿನ ಟರ್ಕಿಶ್ ಏರ್‌ಲೈನ್ಸ್ ವಿಮಾನಗಳನ್ನು ಜನ ತಮಾಷೆಗೆ ‘ಟರ್ಕಿಶ್ ಹೇರ್‌ಲೈನ್ಸ್’ ಅನ್ನುವುದುಂಟು. ನಮಗೆ ಸಿಕ್ಕ ಪ್ಯಾಕೇಜಿನಲ್ಲಿ ಎಲ್ಲವೂ ಸೇರಿತ್ತು: ಏರ್‌ಪೋರ್ಟಿನಿಂದ ಕಾರು, ಶಿಶ್ಲಿ ಬಡಾವಣೆಯಲ್ಲಿ ಹೋಟೆಲ್, ದುಭಾಷಿ, ಆಪರೇಷನ್, ಔಷಧಿ, ಶಾಂಪೂ. ಒಬ್ಬರಿಗೆ 2,000 ಯೂರೋ, ಇಬ್ಬರು ಬಂದರೆ ರಿಯಾಯಿತಿ. ಒಬ್ಬರನ್ನೊಬ್ಬರು ನೋಡಿಕೊಳ್ಳಲಿ ಅಂತ ಅಣ್ಣನದು ಸೋಮವಾರ, ನನ್ನದು ಗುರುವಾರ ಎಂದು ನಿಗದಿ ಮಾಡಿಸಿದ್ದೆವು.

ಅಮ್ಮ ಒಪ್ಪಿರಲಿಲ್ಲ. ‘ಅಲ್ಲ ಕಣೋ, ಬೆಂಗಳೂರಲ್ಲೇ ಆ ಸೀರಿಯಲ್ ಹುಡುಗಿಗೆ ಏನಾಯ್ತು ನೋಡಿದ್ಯಲ್ಲ. ಇನ್ನು ಭಾಷೆ ಬರದ ಊರಲ್ಲಿ ಏನಾದ್ರೂ ಆದ್ರೆ ಯಾರನ್ನ ಕೇಳ್ತೀಯಾ?’ ಅಂದಳು. 2022ರ ಮೇ ತಿಂಗಳಲ್ಲಿ ಕೊಬ್ಬು ಕರಗಿಸುವ ಶಸ್ತ್ರಚಿಕಿತ್ಸೆಯ ನಂತರ 21 ವರ್ಷದ ಕಿರುತೆರೆ ನಟಿ ತೀರಿಕೊಂಡ ಸುದ್ದಿ ನಿಮಗೂ ನೆನಪಿರಬಹುದು. ‘ಅದು ಬೇರೆ, ಇದು ಬೇರೆ ಅಮ್ಮ’ ಅಂತ ನಾನು ಜೋರು ಮಾಡಿದೆ. ಅದು ಬೇರೆ, ಇದು ಬೇರೆ ಅನ್ನುವುದು ನಿಜವೇ. ಆದರೆ ಅಮ್ಮ ಕೇಳಿದ್ದು ಅದನ್ನಲ್ಲ, ಯಾರನ್ನ ಕೇಳ್ತೀಯಾ ಅಂತ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಕ್ಲಿನಿಕ್‌ಗೆ ಹೋದೆವು. ಹೊಳೆಯುವ ಕಟ್ಟಡ, ಸ್ಟಾರ್ ಹೋಟೆಲಿನಂಥ ಸೋಫಾ, ಟುಲಿಪ್ ಹೂವಿನ ಆಕಾರದ ಪುಟ್ಟ ಗ್ಲಾಸಿನಲ್ಲಿ ಚಹಾ. ಡಾಕ್ಟರು ಬಂದರು, ಅಣ್ಣನ ಹಣೆಯ ಮೇಲೆ ಪೆನ್ನಿನಿಂದ ಗೆರೆ ಎಳೆದರು, ಕೈ ಕುಲುಕಿ ಹೋದರು. ಐದು ನಿಮಿಷ ಆಗಿರಬಹುದು. ವಾಟ್ಸಾಪಿನಲ್ಲಿ ಫೋಟೊ ನೋಡಿ 3,000 ಗ್ರಾಫ್ಟ್ ಸಾಕು ಅಂದಿದ್ದವರು ಈಗ 4,500 ಅಂದರು. ಮುಂದೆ ಇಟ್ಟ ಕಾಗದದಲ್ಲಿ ಟರ್ಕಿಶ್ ಭಾಷೆ ದೊಡ್ಡದಾಗಿ, ಇಂಗ್ಲಿಷ್ ಸಣ್ಣದಾಗಿ ಇತ್ತು. ಅಣ್ಣ ಸಹಿ ಹಾಕಿದ. ಒಳಗೆ ಏಳು ಗಂಟೆ ಕೆಲಸ ಮಾಡಿದ್ದು ಟೆಕ್ನಿಷಿಯನ್‌ಗಳು. ಡಾಕ್ಟರ್ ಮತ್ತೆ ಬಂದಿದ್ದು ಅಣ್ಣನಿಗೆ ನೆನಪಿಲ್ಲ.

ಗ್ರಾಫ್ಟ್ ಅಂದರೆ ಏನು ಅಂತ ಸ್ವಲ್ಪ ಹೇಳಬೇಕು. ತಲೆಯ ಹಿಂಭಾಗದ ಕೂದಲು ಸಾಮಾನ್ಯವಾಗಿ ಉದುರುವುದಿಲ್ಲ. ಅದನ್ನು ಬೇರುಸಮೇತ ತೆಗೆದು ಮುಂದೆ ನೆಟ್ಟರೆ ಅಲ್ಲೂ ಅದು ತನ್ನ ಗುಣ ಬಿಡುವುದಿಲ್ಲ. 1950ರ ದಶಕದಲ್ಲಿ ನ್ಯೂಯಾರ್ಕಿನ ಚರ್ಮವೈದ್ಯ ನಾರ್ಮನ್ ಓರೆಂಟ್ರೈಕ್ ಇದನ್ನು ತೋರಿಸಿಕೊಟ್ಟರು. ಒಂದರಿಂದ ನಾಲ್ಕು ಕೂದಲಿರುವ ಒಂದು ಬೇರಿನ ಗುಂಪೇ ಒಂದು ಗ್ರಾಫ್ಟ್. ತೆಗೆದ ಜಾಗದಲ್ಲಿ ಮತ್ತೆ ಬೆಳೆಯುವುದಿಲ್ಲ, ಅದೇ ಇಲ್ಲಿನ ತೊಡಕು. ತಲೆಯಿಂದ ತಲೆಗೆ ವ್ಯತ್ಯಾಸ ಇದ್ದರೂ, ಒಬ್ಬನ ಇಡೀ ಜೀವಮಾನಕ್ಕೆ ತೆಗೆಯಬಹುದಾದದ್ದು ಸುಮಾರು 5,000ದಿಂದ 7,000. ಒಂದೇ ದಿನದಲ್ಲಿ 4,500 ತೆಗೆದರೆ ಮುಂದೆ ಉದುರುವ ಕೂದಲಿಗೆ ದಾಸ್ತಾನು ಎಲ್ಲಿಂದ ತರೋದು? ನಮ್ಮ ಕೆಲಸದಲ್ಲಿ ಹೊಸ ಕೋಡ್ ಹಾಕಿದ್ದು ಕೆಟ್ಟರೆ ಹಳೆಯದಕ್ಕೆ ವಾಪಸ್ ಹೋಗಬಹುದು. ತಲೆಗೆ ಆ ಸೌಲಭ್ಯ ಇಲ್ಲ.

ಮಂಗಳವಾರ ತಲೆ ತೊಳೆಸಿಕೊಂಡು ಬಂದೆವು. ‘ಇಸ್ತಾಂಬುಲ್ ನೋಡಿ, ಕೂದಲಿನೊಂದಿಗೆ ಮರಳಿ’ ಅಂತ ಜಾಹೀರಾತು ಹೇಳಿತ್ತು. ಆದರೆ ಬಿಸಿಲು ಬೀಳಬಾರದು, ಬೆವರಬಾರದು, ಟೋಪಿ ತಲೆಗೆ ತಾಗಬಾರದು, ಬಗ್ಗಬಾರದು, ಹಮಾಮ್‌ನ ಹಬೆ ಸ್ನಾನವಂತೂ ಬೇಡವೇ ಬೇಡ. ಅಣ್ಣ ರೂಮಿನಲ್ಲಿ ಮೂರು ದಿಂಬಿಗೆ ಒರಗಿ ಕೂತ. ನಾನು ಬೀದಿ ಬದಿಯ ಗಾಡಿಯಿಂದ ಎಳ್ಳು ಹಚ್ಚಿದ ಸಿಮಿತ್ ಬ್ರೆಡ್ಡು, ಹೋಟೆಲಿನಿಂದ ಮಸೂರ್ ಬೇಳೆ ಸೂಪು ತಂದು ಕೊಡುತ್ತಿದ್ದೆ. ಆ ಸೂಪಿಗೆ ನಿಂಬೆಹಣ್ಣು ಹಿಂಡಿಕೊಂಡಾಗ ಒಂದು ಕ್ಷಣ ಮನೆಯ ತಿಳಿಸಾರು ನೆನಪಾಯಿತು.

ಬುಧವಾರ ರಾತ್ರಿ ಹನ್ನೊಂದರ ಹೊತ್ತಿಗೆ ಅಣ್ಣ ‘ಲೋ, ಲೈಟ್ ಹಾಕೋ, ಏನೂ ಕಾಣ್ತಿಲ್ಲ’ ಅಂದ. ಲೈಟ್ ಉರೀತಾನೇ ಇತ್ತು. ಅವನ ಹಣೆ ಊದಿ, ಊತ ಕೆಳಗಿಳಿದು, ಎರಡೂ ಕಣ್ಣು ಮುಚ್ಚಿಕೊಂಡಿದ್ದವು. ನನ್ನ ಕೈಕಾಲು ತಣ್ಣಗಾಯಿತು. ದುಭಾಷಿಗೆ ಆರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ವಾಟ್ಸಾಪಿನಲ್ಲಿ ಫೋಟೊ ಕಳಿಸಿದೆ, ನೀಲಿ ಗುರುತು ಬಂತು, ಉತ್ತರ ಬರಲಿಲ್ಲ. ಊರಲ್ಲಿ ಆಗ ರಾತ್ರಿ ಒಂದೂವರೆ. ಅಮ್ಮನಿಗೆ ಫೋನ್ ಮಾಡೋಣ ಅನ್ನಿಸಿತು, ಮಾಡಲಿಲ್ಲ. ಏನಂತ ಹೇಳೋದು?

ರಿಸೆಪ್ಷನ್ ಹುಡುಗ ನನ್ನನ್ನು ಬೀದಿಗೆ ಕರೆದುಕೊಂಡು ಹೋಗಿ ಮುಚ್ಚಿದ ಒಂದು ಮೆಡಿಕಲ್ ಶಾಪಿನ ಬಾಗಿಲು ತೋರಿಸಿದ. ಗಾಜಿನ ಮೇಲೆ ಒಂದು ಚೀಟಿ ಅಂಟಿಸಿತ್ತು. ಅಲ್ಲಿ ಪ್ರತಿ ಬಡಾವಣೆಯಲ್ಲೂ ರಾತ್ರಿ ಸರದಿಯ ಮೇಲೆ ಒಂದು ಮೆಡಿಕಲ್ ಶಾಪ್ ತೆರೆದಿರುತ್ತದೆ. ಇವತ್ತಿನ ಸರದಿ ಯಾರದ್ದು ಅಂತ ಮಿಕ್ಕ ಅಂಗಡಿಗಳ ಬಾಗಿಲಲ್ಲಿ ಬರೆದಿರುತ್ತಾರೆ. ಹತ್ತು ನಿಮಿಷ ನಡೆದು ಅಂಗಡಿ ಮುಟ್ಟಿದೆ. ಒಳಗಿದ್ದ ನಡುವಯಸ್ಸಿನ ಹೆಂಗಸು ಫೋಟೊ ನೋಡಿದರು, ಇಂಗ್ಲಿಷಿನಲ್ಲಿ ನಿಧಾನವಾಗಿ ಕೇಳಿದರು: ಜ್ವರ ಇದೆಯಾ? ಕೀವು? ಉಸಿರಾಟಕ್ಕೆ ಕಷ್ಟ? ಇಲ್ಲ ಅಂದೆ. ತಲೆಗೆ ಚುಚ್ಚಿದ ನೀರು, ಮದ್ದು ಕೆಳಗಿಳಿದಾಗ ಮೂರನೇ ದಿನ ಹೀಗಾಗುವುದು ಸಾಮಾನ್ಯ, ಹಣೆಗೆ ಮಾತ್ರ ತಣ್ಣನೆ ಬಟ್ಟೆ ಇಡಿ, ನೆಟ್ಟ ಜಾಗ ಮುಟ್ಟಬೇಡಿ, ತಲೆ ಎತ್ತರದಲ್ಲಿಟ್ಟು ಮಲಗಿಸಿ, ಜ್ವರ ಬಂದರೆ 112ಕ್ಕೆ ಫೋನ್ ಮಾಡಿ ಅಂದರು. ದುಡ್ಡು ತೆಗೆದುಕೊಳ್ಳಲಿಲ್ಲ. ಹೊರಡುವಾಗ ‘ಗೆಚ್ಮಿಶ್ ಓಲ್ಸುನ್’ ಅಂದರು. ಕಾಯಿಲೆಯವರಿಗೆ ಅಲ್ಲಿನ ಜನ ಹೇಳುವ ಮಾತು, ‘ಇದು ಕಳೆದುಹೋಗಲಿ’ ಅಂತ.

ಅಂದರೆ ಅವತ್ತು ರಾತ್ರಿ ದೊಡ್ಡ ಅಪಾಯವೇನೂ ಆಗಿರಲಿಲ್ಲ. ಆದರೆ ಅದು ಅಪಾಯ ಅಲ್ಲ ಅಂತ ಹೇಳಬೇಕಾದವರು ಹೇಳಲಿಲ್ಲ, ದಾರಿಹೋಕನಿಗೆ ಅಂಗಡಿಯವರು ಹೇಳಿದರು. ಒಂದು ವೇಳೆ ಅಪಾಯವೇ ಆಗಿದ್ದರೂ ಆ ಫೋನ್ ಹಾಗೇ ರಿಂಗ್ ಆಗುತ್ತಿತ್ತು.

ಗುರುವಾರ ನನ್ನ ಸರದಿ. ಕ್ಲಿನಿಕ್‌ಗೆ ಹೋಗಿ ದುಭಾಷಿಗೆ ಮೂರು ಪ್ರಶ್ನೆ ಕೇಳಿದೆ. ನನ್ನ ತಲೆಗೆ ರಂಧ್ರ ಮಾಡುವವರು ಡಾಕ್ಟರೋ ಟೆಕ್ನಿಷಿಯನ್ನೋ? ಟರ್ಕಿಯಲ್ಲಿ ಹೊರದೇಶದವರಿಗೆ ಚಿಕಿತ್ಸೆ ಕೊಡಲು ಆರೋಗ್ಯ ಸಚಿವಾಲಯದ ಪ್ರತ್ಯೇಕ ಪ್ರಮಾಣಪತ್ರ ಬೇಕು, ಅದನ್ನು ತೋರಿಸ್ತೀರಾ? ಬೆಂಗಳೂರಿಗೆ ಹೋದ ಮೇಲೆ ತೊಂದರೆಯಾದರೆ ಯಾವ ಡಾಕ್ಟರ ಜೊತೆ ಮಾತಾಡಬೇಕು? ಮೊದಲನೆಯದಕ್ಕೆ ‘ನಮ್ಮ ಟೀಮ್’ ಅಂದ. ಎರಡನೆಯದಕ್ಕೆ ‘ಆಫೀಸಿನಲ್ಲಿದೆ’. ಮೂರನೆಯದಕ್ಕೆ ‘ವಾಟ್ಸಾಪ್ ಮಾಡಿ, ಸರ್’. ನಾನು ಎದ್ದು ಬಂದೆ. ಮುಂಗಡ ಕೊಟ್ಟ 300 ಯೂರೋ ಹೋಯಿತು. ಧೈರ್ಯ ಅಂತೇನೂ ಅಲ್ಲ, ಹಿಂದಿನ ರಾತ್ರಿಯ ಹೆದರಿಕೆ ಇನ್ನೂ ಹೋಗಿರಲಿಲ್ಲ ಅಷ್ಟೆ. ಮಾರನೇ ದಿನ ಊತ ಇಳಿಯಿತು. ಸಂಜೆ ಬಿಸಿಲು ಆರಿದ ಮೇಲೆ ಇಬ್ಬರೂ ದೋಣಿ ಹತ್ತಿ ಬಾಸ್ಫರಸ್ ದಾಟಿ ಏಷ್ಯಾದ ಕಡೆಯ ಕಡಿಕೊಯ್‌ಗೆ ಹೋಗಿ ಬಂದೆವು. ಇಡೀ ಪ್ರವಾಸದಲ್ಲಿ ನಾವು ಊರು ನೋಡಿದ್ದು ಅಷ್ಟೇ.

ಆರು ವಾರದ ನಂತರ ಅಣ್ಣನ ತಲೆಯಲ್ಲಿ ಗುಳ್ಳೆಗಳೆದ್ದವು. ಬೆಂಗಳೂರಿನ ಚರ್ಮದ ಡಾಕ್ಟರು ‘ಎಷ್ಟು ಗ್ರಾಫ್ಟ್ ಹಾಕಿದ್ರು, ಯಾವ ಆ್ಯಂಟಿಬಯಾಟಿಕ್ ಕೊಟ್ರು, ಆಪರೇಷನ್ ವಿವರದ ಕಾಗದ ಎಲ್ಲಿ?’ ಅಂತ ಕೇಳಿದರು. ನಮ್ಮ ಹತ್ತಿರ ಇದ್ದದ್ದು ಒಂದು ಥ್ಯಾಂಕ್ಯೂ ಕಾರ್ಡು, ಅರ್ಧ ಬಾಟಲಿ ಶಾಂಪೂ. ಗುಳ್ಳೆ ಹದಿನೈದು ದಿನದಲ್ಲಿ ವಾಸಿಯಾಯಿತು. ಈಗ ವರ್ಷ ಕಳೆದಿದೆ. ಮುಂದೆ ಕೂದಲು ಚೆನ್ನಾಗಿ ಬಂದಿದೆ, ಸುಳ್ಳು ಹೇಳಬಾರದು. ಹಿಂದೆ ಅಲ್ಲಲ್ಲಿ ತೆಳುವಾಗಿ ತೇಪೆ ಕಾಣುತ್ತದೆ. ಅಣ್ಣನಿಗೆ ಅದು ಕನ್ನಡಿಯಲ್ಲಿ ಕಾಣಲ್ಲ, ಹಾಗಾಗಿ ಖುಷಿಯಾಗಿದ್ದಾನೆ.

ಆ ಡಾಕ್ಟರು ಹೇಳಿದ್ದನ್ನು ನಿಮಗೂ ಹೇಳಬೇಕು. ಕೂದಲು ನೆಡುವುದು ಚರ್ಮದ ಮಟ್ಟದ ಕೆಲಸ. ಆದರೂ 2016ರಲ್ಲಿ ಚೆನ್ನೈನಲ್ಲಿ ಒಬ್ಬ ವೈದ್ಯಕೀಯ ವಿದ್ಯಾರ್ಥಿ ಇದಾದ ಮೇಲೆ ತೀರಿಕೊಂಡ. ಹಾಗಾಗಿ ಸ್ವದೇಶ ಅಂದ ಮಾತ್ರಕ್ಕೆ ಸುರಕ್ಷಿತ ಅಲ್ಲ. ಹೊಟ್ಟೆ, ಸೊಂಟದ ಕೊಬ್ಬು ತೆಗೆಸುವುದು ಇದಕ್ಕಿಂತ ಬಹಳ ದೊಡ್ಡದು. ಅಮೆರಿಕದ ಸಿಡಿಸಿ ಸಂಸ್ಥೆ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2009ರಿಂದ 2022ರವರೆಗೆ ಡೊಮಿನಿಕನ್ ರಿಪಬ್ಲಿಕ್‌ಗೆ ಹೋಗಿ ಇಂಥ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 93 ಅಮೆರಿಕನ್ನರು ಸತ್ತಿದ್ದಾರೆ. ವಿವರವಾಗಿ ಪರಿಶೀಲಿಸಿದ ಸಾವುಗಳಲ್ಲಿ ಹೆಚ್ಚಿನವಕ್ಕೆ ರಕ್ತನಾಳಕ್ಕೆ ಸೇರಿದ ಕೊಬ್ಬು ಅಥವಾ ರಕ್ತದ ಹೆಪ್ಪು ಕಾರಣ. ವಿಮಾನದಲ್ಲಿ ಗಂಟೆಗಟ್ಟಲೆ ಅಲುಗಾಡದೆ ಕೂತರೆ ಹೆಪ್ಪಿನ ಭಯ ಇನ್ನೂ ಹೆಚ್ಚು. ಎದೆ, ಹೊಟ್ಟೆಯ ಆಪರೇಷನ್ ಆದ ಮೇಲೆ ಕನಿಷ್ಠ 10 ದಿನ, ಮುಖ, ಮೂಗು, ರೆಪ್ಪೆಯದಾದರೆ 7ರಿಂದ 10 ದಿನ ವಿಮಾನ ಹತ್ತಬೇಡಿ ಅನ್ನುತ್ತದೆ ಅದೇ ಸಿಡಿಸಿ. ಐದು ದಿನದ ಪ್ಯಾಕೇಜ್ ಕೊಡುವವರು ಇದನ್ನು ಹೇಳುವುದಿಲ್ಲ.

ಹೋಗಲೇಬೇಡಿ ಅಂತ ನಾನು ಹೇಳಲ್ಲ. ಟರ್ಕಿಯಲ್ಲೂ ಥಾಯ್ಲೆಂಡಿನಲ್ಲೂ ಒಳ್ಳೆಯ ಡಾಕ್ಟರುಗಳಿದ್ದಾರೆ. ಆದರೆ ಬೆಲೆ ಕೇಳುವ ಮೊದಲು ಚಾಕು ಹಿಡಿಯುವವರ ಹೆಸರು ಕೇಳಿ, ಮಧ್ಯವರ್ತಿಯ ಜೊತೆ ಅಲ್ಲ ಅವರ ಜೊತೆಯೇ ಮಾತಾಡಿ. ಆಪರೇಷನ್ ವಿವರ ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ. ನಿಮ್ಮ ಟ್ರಾವೆಲ್ ಇನ್ಶೂರೆನ್ಸ್ ಇದಕ್ಕೆ ಬರುತ್ತದೋ ಇಲ್ಲವೋ ಓದಿ ನೋಡಿ, ನಮ್ಮದಕ್ಕೆ ಬರುತ್ತಿರಲಿಲ್ಲ. ಊರಿನಲ್ಲಿ ಆಮೇಲೆ ನೋಡಲು ಒಪ್ಪುವ ಡಾಕ್ಟರನ್ನು ಹೊರಡುವ ಮುಂಚೆಯೇ ಹುಡುಕಿಕೊಳ್ಳಿ. ಒಬ್ಬರೇ ಹೋಗಬೇಡಿ.

ನಾನು ಈಗ ಇಲ್ಲೇ ಚರ್ಮದ ಡಾಕ್ಟರ ಹತ್ತಿರ ತೋರಿಸುತ್ತಿದ್ದೇನೆ. ಉದುರುವುದು ಸ್ವಲ್ಪ ನಿಂತಿದೆ, ಹೋದದ್ದು ಬಂದಿಲ್ಲ. ಆ ರಾತ್ರಿಯ ಕಥೆಯನ್ನು ಅಮ್ಮನಿಗೆ ಹೇಳಿದ್ದು ಮೊನ್ನೆ ಮೊನ್ನೆ. ಅಮ್ಮ ಬಯ್ಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ಅಂಗಡಿಯಮ್ಮ ಚೆನ್ನಾಗಿರಲಿ’ ಅಂದಳು. ಆಮೇಲೆ, ‘ಅವತ್ತು ನಂಗೆ ಫೋನ್ ಮಾಡ್ಬೇಕಿತ್ತು ಕಣೋ, ನಾನೇನು ನಿದ್ದೆ ಮಾಡ್ತಿದ್ನಾ?’ ಅಂದಳು.