ಹಳದಿ ಮಾಸಿದ ಅಂಚೆಚೀಟಿ

ಅಂಚೆಚೀಟಿಗಳನ್ನು ಕೂಡಿಡುವುದು ಮಕ್ಕಳ ಆಟವೆಂದು ಹಲವರು ತಿಳಿದಿದ್ದಾರೆ. ನಮಗಾದರೋ ಅದು ತಂದೆಯವರಿಂದ ಬಂದ ಬಳುವಳಿ. ಗದಗ ಸೀಮೆಯ ಹಳ್ಳಿಯೊಂದರಲ್ಲಿ ಅವರು ಶಾಲಾ ಶಿಕ್ಷಕರಾಗಿದ್ದರು. ದೀಪ ಹಚ್ಚಿದ ಮೇಲೆ ಹಳೆಯ ಪತ್ರಗಳ ಚೀಟಿಗಳನ್ನು ತಟ್ಟೆಯ ನೀರಿನಲ್ಲಿ ನೆನೆಯಿಟ್ಟು, ಮೆಲ್ಲಗೆ ಬಿಡಿಸಿ, ಪುಸ್ತಕದ ಹಾಳೆಗಳ ನಡುವೆ ಒತ್ತಿ ಇಡುತ್ತಿದ್ದರು. ಈ ಹವ್ಯಾಸವು ನಮಗೆ ಅನೇಕ ಸುಖದ ಗಳಿಗೆಗಳನ್ನು ಕೊಟ್ಟಿದೆ. ಒಮ್ಮೆ ಮಾತ್ರ ನಮ್ಮಿಂದ ದೊಡ್ಡ ತಪ್ಪೊಂದನ್ನು ಮಾಡಿಸಿತು. ಅದನ್ನು ಓದುಗರ ಮುಂದೆ ಒಪ್ಪಿಕೊಳ್ಳಬೇಕೆಂಬುದೇ ಈ ಬರಹದ ಉದ್ದೇಶ.

ಲೋಕದಲ್ಲಿ ತಪ್ಪಿಲ್ಲದ ವಸ್ತುವಿಗೆ ಬೆಲೆ ಹೆಚ್ಚು. ಅಂಚೆಚೀಟಿಯ ಲೋಕದಲ್ಲಿ ತಪ್ಪಾದುದಕ್ಕೇ ಬೆಲೆ! 1854ರಲ್ಲಿ ಕಲಕತ್ತೆಯ ಕಲ್ಲಚ್ಚಿನಲ್ಲಿ ನಾಲ್ಕಾಣೆಯ ಚೀಟಿ ಮುದ್ರಣವಾಯಿತು. ಸುತ್ತಲಿನ ಚೌಕಟ್ಟು ಕೆಂಪು, ಒಳಗಿನ ರಾಣಿ ವಿಕ್ಟೋರಿಯಾಳ ತಲೆ ನೀಲಿ. ಎರಡು ಬಣ್ಣವೆಂದರೆ ಕಾಗದವನ್ನು ಎರಡು ಸಲ ಅಚ್ಚಿಗೆ ಕೊಡಬೇಕು. ಎಲ್ಲಿಯೋ ಒಂದೆರಡು ಹಾಳೆಗಳು ಎರಡನೆಯ ಸಲ ತಿರುಗುಮುರುಗಾಗಿ ಹೋದವು. ರಾಣಿಯ ತಲೆ ಕೆಳಗಾಯಿತು. ಅಂದು ಯಾರ ಗಮನಕ್ಕೂ ಬಾರದೆ ಲಕೋಟೆಗಳ ಮೇಲೆ ಹೊರಟುಹೋದ ಆ ಚೀಟಿಗಳ ಕೆಲವೇ ಪ್ರತಿಗಳು ಇಂದು ಉಳಿದಿವೆ. ಅವು ಭಾರತದ ಅತ್ಯಂತ ಅಮೂಲ್ಯ ಅಂಚೆಚೀಟಿಗಳಲ್ಲಿ ಸೇರಿವೆ.

ಸ್ವೀಡನ್ ದೇಶದ ಕಥೆ ಇನ್ನೂ ಸ್ವಾರಸ್ಯಕರ. ಅಲ್ಲಿ 1855ರಲ್ಲಿ ಬಂದ ಮೂರು ಸ್ಕಿಲ್ಲಿಂಗ್ ಚೀಟಿಯ ಬಣ್ಣ ನೀಲಿ ಬೆರೆತ ಹಸಿರು; ಎಂಟು ಸ್ಕಿಲ್ಲಿಂಗ್ ಚೀಟಿಯದು ಹಳದಿ. ಎಂಟರ ಅಚ್ಚುಮೊಳೆಗಳ ಸಾಲಿನಲ್ಲಿ ಮೂರರ ಮೊಳೆಯೊಂದು ಸೇರಿಕೊಂಡಿತೆಂದು ತಿಳಿದವರು ಊಹಿಸುತ್ತಾರೆ. ಅದರಿಂದ ಮೂರರ ಚೀಟಿಯೊಂದು ಹಳದಿಯಾಗಿ ಹುಟ್ಟಿತು. 1886ರಲ್ಲಿ ಶಾಲಾ ಬಾಲಕನೊಬ್ಬನು ಅಜ್ಜಿಯ ಮನೆಯ ಹಳೆಯ ಕಾಗದಗಳಲ್ಲಿ ಅದನ್ನು ಕಂಡು, ಏಳು ಕ್ರೋನರಿಗೆ ವ್ಯಾಪಾರಿಗೆ ಮಾರಿದನು. 1996ರಲ್ಲಿ ಅದೇ ಚೀಟಿ ಜೂರಿಕ್ ನಗರದ ಹರಾಜಿನಲ್ಲಿ 28 ಲಕ್ಷ ಸ್ವಿಸ್ ಫ್ರಾಂಕುಗಳಿಗೂ ಮಿಕ್ಕಿ ಹೋಯಿತು. ಈವರೆಗೆ ಅದರ ಜೊತೆಯ ಇನ್ನೊಂದು ಪ್ರತಿ ಸಿಕ್ಕಿಲ್ಲ.

ಈಚಿನ ಬಹುವರ್ಣದ ಚೀಟಿಗಳಲ್ಲಿ ತಪ್ಪಿಗೆ ದಾರಿಗಳು ಹೆಚ್ಚು. ನೀಲಿ, ಕೆನ್ನೀಲಿಗೆಂಪು, ಹಳದಿ, ಕಪ್ಪು ಎಂಬ ನಾಲ್ಕು ಮಸಿಗಳ ಸಣ್ಣ ಸಣ್ಣ ಚುಕ್ಕೆಗಳು ಒಂದರ ಮೇಲೊಂದು ಬಿದ್ದು ಚಿತ್ರವಾಗುತ್ತದೆ. ಹಸಿರೆಂದು ನಾವು ಕಾಣುವ ಎಲೆಯಲ್ಲಿ ಹಸಿರು ಮಸಿಯೇ ಇರುವುದಿಲ್ಲ. ನೀಲಿಯೂ ಹಳದಿಯೂ ಕೂಡಿ ಕಣ್ಣಿಗೆ ಹಸಿರಾಗುತ್ತವೆ. ಕಾಗದ ಕೂದಲೆಳೆಯಷ್ಟು ಸರಿದರೂ ತುಟಿಯ ಕೆಂಪು ಕೆನ್ನೆಗೆ ಬೀಳುತ್ತದೆ. ಇಂತಹುದು ಸಾಮಾನ್ಯ, ಬೆಲೆಯೂ ಅಷ್ಟಕ್ಕಷ್ಟೆ. ಮಸಿ ತೀರಿದ್ದರೆ, ಇಲ್ಲವೇ ಎರಡು ಹಾಳೆಗಳು ಅಂಟಿಕೊಂಡು ಹೋದರೆ, ಒಂದು ಬಣ್ಣವೇ ಪೂರ್ಣ ಬಿಟ್ಟುಹೋಗುತ್ತದೆ. ಬೆಲೆ ಬರುವುದು ಇದಕ್ಕೆ. ಆದರೆ ಬಿಟ್ಟುಹೋದ ಬಣ್ಣದ ಒಂದು ಚುಕ್ಕೆಯೂ ಭೂತಗನ್ನಡಿಗೆ ಕಾಣಬಾರದು ಎಂಬುದು ಬಲ್ಲವರ ನಿಯಮ.

ಇನ್ನು ನಮ್ಮ ಕಥೆ. 1983ರಲ್ಲಿ ನಮ್ಮ ಬಾಲ್ಯದ ಗೆಳೆಯರೊಬ್ಬರು ಹಕ್ಕಿಯ ಚಿತ್ರದ ಚೀಟಿಯೊಂದನ್ನು ತೋರಿಸಿದರು. ಹಕ್ಕಿ ಕುಳಿತ ಕೊಂಬೆಯ ಎಲೆಗಳೆಲ್ಲ ನೀಲಿ! "ಹಳದಿ ಬಿಟ್ಟೈತಿ ನೋಡ್ರಿ" ಎಂದರು. ನಮ್ಮ ಆಸೆ ಕೆರಳಿತು. ಅದಕ್ಕೆ ಬದಲಾಗಿ ತಂದೆಯವರು ಕೂಡಿಸಿದ್ದ ಆರನೆಯ ಜಾರ್ಜ್ ದೊರೆಯ ಕಾಲದ ಚೀಟಿಗಳ ಸೆಟ್ಟನ್ನೇ ಕೊಟ್ಟುಬಿಟ್ಟೆವು. ಎರಡು ವರ್ಷಗಳ ತರುವಾಯ ಧಾರವಾಡದಲ್ಲಿ ಅನುಭವಿ ಸಂಗ್ರಾಹಕರೊಬ್ಬರಿಗೆ ಅದನ್ನು ತೋರಿಸಿದೆವು. ಅವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ, "ಇಲ್ಲಿ ಹಳದಿ ಬಿಟ್ಟಿಲ್ಲ, ಹಾರಿದೆ. ಮಾಸಿದ ಚುಕ್ಕೆಗಳು ಇನ್ನೂ ಇವೆ. ಬೇಕೆಂದೇ ಹೀಗೆ ಮಾಡಿ ಮಾರುವವರೂ ಉಂಟು" ಎಂದರು.

ಅವರ ಕೊನೆಯ ಮಾತು ನಮ್ಮ ಎದೆಯಲ್ಲಿ ಮುಳ್ಳಿನಂತೆ ನೆಟ್ಟಿತು. ಗೆಳೆಯರು ಮೋಸಮಾಡಿದರೆಂದೇ ನಿಶ್ಚಯಿಸಿದೆವು. ಒಂದು ಮಾತು ಕೇಳಲಿಲ್ಲ. ಬೀದಿಯಲ್ಲಿ ಎದುರಾದರೆ ಮುಖ ತಿರುವಿದೆವು. ಅವರ ಮಗಳ ಮದುವೆಯ ಆಮಂತ್ರಣ ಬಂದರೂ ಹೋಗಲಿಲ್ಲ. ಹೀಗೆ ಹನ್ನೊಂದು ವರ್ಷಗಳು ಸಂದವು.

1996ರಲ್ಲಿ ಅವರ ತಾಯಿ ತೀರಿಕೊಂಡ ಸುದ್ದಿ ಬಂದಿತು. ಚಿಕ್ಕಂದಿನಲ್ಲಿ ನಮಗೆ ಬಿಸಿರೊಟ್ಟಿ, ಬೆಣ್ಣೆ ಕೊಟ್ಟು ಸಲಹಿದ ಕೈ ಅದು. "ಸಾವಿಗೂ ಹೋಗದಷ್ಟು ಮುನಿಸು ಯಾವುದದು?" ಎಂದು ನಮ್ಮ ಮನೆಯವರು ಕೇಳಿದಾಗ ಉತ್ತರ ಹೊಳೆಯಲಿಲ್ಲ. ಹೋದೆವು.

ಎಲ್ಲ ಕಾರ್ಯ ಮುಗಿದು ಪಡಸಾಲೆಯಲ್ಲಿ ಕುಳಿತಿದ್ದಾಗ ಗೋಡೆಯ ಮೇಲಿನ ಗಾಜಿನ ಕಟ್ಟೊಂದು ಕಣ್ಣಿಗೆ ಬಿದ್ದಿತು. ಅದರೊಳಗೆ ಸಾಲಾಗಿ ಅಂಚೆಚೀಟಿಗಳು. ನಡುವೆ ಒಂದರ ಜಾಗ ಖಾಲಿ. ಎದುರಿಗೆ ಪಡುವಣ ಕಿಟಕಿ. ಇಳಿಹೊತ್ತಿನ ಬಿಸಿಲು ನೇರವಾಗಿ ಕಟ್ಟಿನ ಮೇಲೆ ಬೀಳುತ್ತಿತ್ತು. ಹತ್ತಿರ ಹೋಗಿ ನೋಡಿದೆವು. ಚೀಟಿಗಳ ಎಲೆಗಳೆಲ್ಲ ನೀಲಿ. ಆದರೆ ಕೊನೆಯ ಚೀಟಿಯ ಅರ್ಧ ಭಾಗ ಕಟ್ಟಿಗೆಯ ಅಂಚಿನ ಕೆಳಗೆ ಸರಿದಿತ್ತು. ಕಟ್ಟನ್ನು ಬಿಚ್ಚಿಸಿ ನೋಡಿದರೆ ಮರೆಯಲ್ಲಿದ್ದ ಆ ಅರ್ಧ ಇನ್ನೂ ಹಚ್ಚಹಸಿರಾಗಿತ್ತು!

ಗೆಳೆಯರು ಯಾವ ರಸಾಯನವನ್ನೂ ಹಚ್ಚಿರಲಿಲ್ಲ. ಅಂದಕ್ಕೆಂದು ಗೋಡೆಗೆ ತೂಗುಹಾಕಿದ್ದರು. ವರ್ಷವರ್ಷದ ಬಿಸಿಲು ಹಳದಿಯನ್ನು ಕುಡಿದುಬಿಟ್ಟಿತ್ತು. ಕಿಟಕಿಯ ಬಳಿಯ ಹಳೆಯ ಕ್ಯಾಲೆಂಡರಿನ ಚಿತ್ರಗಳು ನೀಲಿಗಟ್ಟುವುದನ್ನು ನಾವೆಲ್ಲರೂ ಕಂಡಿಲ್ಲವೆ? ಹಳದಿ, ಕೆಂಪು ಮಸಿಗಳು ಬೆಳಕಿಗೆ ಬೇಗ ಸೋಲುತ್ತವೆ, ನೀಲಿ ತಾಳುತ್ತದೆ. ಒಂದು ದಿನ ನೀಲಿ ಎಲೆ ಕಂಡ ಗೆಳೆಯರು ಅದು ಅಚ್ಚಿನ ತಪ್ಪೆಂದೇ ನಂಬಿದರು. ನಂಬಿದ್ದನ್ನೇ ನಮಗೆ ಹೇಳಿದರು.

ನಡೆದುದನ್ನೆಲ್ಲ ಹೇಳಿ ಕ್ಷಮೆ ಬೇಡಿದೆವು. ಅವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಆವಾಗನ ಒಂದ್ ಮಾತ್ ಕೇಳಬಾರದಾಗಿತ್ತೇನ್ರಿ? ನಮ್ಮವ್ವ ಹೋಗೂತನಕ ನಿಮ್ಮ ಹೆಸರು ತಗೀತಿದ್ಲು" ಎಂದರು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ. ಒಳಗೆ ಹೋಗಿ ತಂದೆಯವರ ಸೆಟ್ಟನ್ನು ತಂದು ಮುಂದಿಟ್ಟರು. ಒಂದು ಚೀಟಿಯೂ ಕದಲಿರಲಿಲ್ಲ. ಅದನ್ನು ಅವರ ಮಗನಿಗೇ ಇರಲೆಂದು ಬಿಟ್ಟು, ಅರ್ಧ ಹಸಿರು ಅರ್ಧ ನೀಲಿಯ ಆ ಚೀಟಿಯನ್ನು ಬೇಡಿ ತಂದೆವು.

ಹವ್ಯಾಸವುಳ್ಳ ಮಕ್ಕಳಿಗೂ ಅವರ ತಂದೆತಾಯಿಗಳಿಗೂ ಕೆಲವು ಮಾತು. ಚೀಟಿಗಳನ್ನು ಬಿಸಿಲಿಗೂ ಆರ್ದ್ರತೆಗೂ ಒಡ್ಡಬಾರದು. ಬಣ್ಣ ಬಿಟ್ಟ ಚೀಟಿಯೆಂದು ಯಾರಾದರೂ ಹೆಚ್ಚಿನ ಬೆಲೆ ಕೇಳಿದರೆ, ಸರಿಯಾದ ಚೀಟಿಯೊಂದನ್ನು ಪಕ್ಕದಲ್ಲಿಟ್ಟು ಭೂತಗನ್ನಡಿಯಿಂದ ನೋಡಬೇಕು. ಉಳಿದ ಬಣ್ಣಗಳೂ ಪೇಲವವಾಗಿದ್ದರೆ ಸಂಶಯಪಡಬೇಕು. ಬಹುವರ್ಣದ ಎಷ್ಟೋ ಹಾಳೆಗಳ ಅಂಚಿನಲ್ಲಿ, ಬಳಸಿದ ಮಸಿಗಳ ಬಣ್ಣದ ಬೊಟ್ಟುಗಳಿರುತ್ತವೆ. ಅಂಚು ಕೂಡಿದ್ದರೆ ಅದೂ ಸಾಕ್ಷಿ ಹೇಳುತ್ತದೆ. ತಪ್ಪಿನ ಬೆಲೆಯನ್ನು ಅತಿಯಾಗಿ ನಂಬಲೂ ಬಾರದು. 1962ರಲ್ಲಿ ಅಮೆರಿಕದಲ್ಲಿ ಡಾಗ್ ಹ್ಯಾಮರ್‌ಷೋಲ್ಡ್ ಅವರ ಸ್ಮರಣೆಯ ಚೀಟಿಯಲ್ಲಿ ಹಳದಿ ಬಣ್ಣ ತಲೆಕೆಳಗಾಗಿ ಬಿದ್ದಿತು. ಸಿಕ್ಕವರು ಹಿಗ್ಗುತ್ತಿರುವಾಗಲೇ ಅಲ್ಲಿಯ ಅಂಚೆ ಇಲಾಖೆಯು ಅದೇ ತಪ್ಪನ್ನು ಬೇಕೆಂದೇ 4 ಕೋಟಿ ಚೀಟಿಗಳಲ್ಲಿ ಅಚ್ಚುಹಾಕಿಸಿತು. ವಿರಳವಾಗಿದ್ದುದು ಒಂದೇ ತಿಂಗಳಲ್ಲಿ ಎಲ್ಲರ ಕೈಗೂ ಬಂದಿತು.

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡಬೇಕೆಂದು ನಮ್ಮ ಹಿರಿಯರು ಹೇಳಿದ್ದಾರೆ. ಚೀಟಿಯನ್ನು ಭೂತಗನ್ನಡಿಯಿಂದ ಪರೀಕ್ಷಿಸಿದ ನಾವು ಗೆಳೆಯರನ್ನು ಬರಿಗಣ್ಣಿನಿಂದಲೂ ನೋಡಲಿಲ್ಲ. ಆ ಎರಡು ಚೀಟಿಗಳು ಇಂದು ನಮ್ಮ ಆಲ್ಬಮ್ಮಿನ ಒಂದೇ ಪುಟದಲ್ಲಿವೆ. ಕೆಳಗೆ ನಮ್ಮ ಕೈಯಾರೆ ಹೀಗೆ ಬರೆದಿದ್ದೇವೆ: "ಮುದ್ರಣದೋಷವಲ್ಲ, ಬಿಸಿಲಿನದು. ಗೆಳೆಯರ ದೋಷವಲ್ಲ, ನಮ್ಮದು."