ಒಡೆದ ಕೆಂಪು

ಮೈಸೂರು ಸೀಮೆಯ ಸ್ಟಾರ್ ರೂಬಿಯನ್ನು ಕಚ್ಚಾ ರೂಪದಲ್ಲಿ ನೋಡಿದವರು ಅದನ್ನು ರತ್ನ ಎಂದು ನಂಬುವುದಿಲ್ಲ. ನೇರಳೆ ಬೆರೆತ ಮಂಕು ಕೆಂಪು, ಬಹುಪಾಲು ಬೆಳಕು ಹಾಯದ ಮೈ, ಆರು ಮೂಲೆಯ ಪುಟ್ಟ ಪೀಪಾಯಿಯ ಆಕಾರ. ಟಿ. ನರಸೀಪುರಕ್ಕೆ ಹೋಗುವ ದಾರಿಯ ವರುಣಾ, ಮಾವಿನಹಳ್ಳಿಯ ಕಡೆಯ ನೆಲ ಈ ಕಲ್ಲಿಗೆ ಹೆಸರಾದದ್ದು. ಒಳ್ಳೆಯ ತುಂಡನ್ನು ಗುಮ್ಮಟದ ಹಾಗೆ ಸಾಣೆ ಹಿಡಿದು ಬಿಸಿಲಿಗೆ ಒಡ್ಡಿದರೆ ಮೈಮೇಲೆ ಆರು ಎಳೆಯ ನಕ್ಷತ್ರ ಏಳುತ್ತದೆ. ಕೈ ವಾಲಿಸಿದಂತೆ ಅದೂ ಜಾರುತ್ತದೆ. ಅದನ್ನು ಒಮ್ಮೆ ಕಂಡವನು ನಾನು. ನರಸೀಪುರದ ನಮ್ಮ ಮನೆಯ ಹಿತ್ತಲಿನ ಕೋಣೆಯಲ್ಲಿ ಒಂದು ಮೋಟಾರು, ವಜ್ರದ ಪುಡಿ ಕೂರಿಸಿದ ಡಿಸ್ಕುಗಳು, ಹನಿ ನೀರಿನ ಬಾಟಲಿ ಜೋಡಿಸಿಕೊಂಡು ಕೂರಲು ಅಷ್ಟೇ ಸಾಕಾಯಿತು.

ಅಗೇಟು, ಸ್ಫಟಿಕದ ತುಂಡುಗಳ ಮೇಲೆ ಕೈ ಪಳಗಿತು. ಅಕ್ಕಪಕ್ಕದವರು ಹೊಗಳಿದರು. ಆಗಲೇ ಪರಿಚಯದ ರೈತರೊಬ್ಬರು ಪಂಚೆಯ ತುದಿಯಲ್ಲಿ ಗಂಟು ಹಾಕಿಕೊಂಡು ಒಂದು ಕಲ್ಲು ತಂದರು. "ಹೊಲ್ದಲ್ಲಿ ಸಿಕ್ತು ಕಣಪ್ಪ. ಮಗಳ ಮದ್ವೆಗೆ ಉಂಗ್ರಕ್ಕೆ ಆಯ್ತದಾ ನೋಡು" ಅಂದರು. ಒದ್ದೆ ಮಾಡಿ ಟಾರ್ಚು ಬಿಟ್ಟೆ. ಚಪ್ಪಟೆ ತುದಿಯಲ್ಲಿ ರೇಷ್ಮೆಯಂಥ ಮಿನುಗು. ನಕ್ಷತ್ರ ಒಳಗಿತ್ತು.

ಆ ಮಿನುಗಿಗೆ ಕಾರಣ ರೂಟೈಲ್ ಎಂಬ ಖನಿಜದ ಸೂಜಿಗಳು. ಕಣ್ಣಿಗೆ ಕಾಣದಷ್ಟು ಸಣ್ಣವು. ಕಲ್ಲಿನ ಹರಳು ಬೆಳೆದ ಕ್ರಮಕ್ಕೆ ತಕ್ಕಂತೆ ಮೂರು ದಿಕ್ಕಿನಲ್ಲಿ ಸಾಲಾಗಿ ಮಲಗಿರುತ್ತವೆ. ಒಂದೊಂದು ಸಾಲಿಗೆ ಒಂದೊಂದು ಬೆಳಕಿನ ಗೆರೆ, ಮೂರೂ ಒಂದೆಡೆ ಹಾಯ್ದಾಗ ಆರು ಕಿರಣ. ಹಾಯುವ ಬಿಂದು ಎಲ್ಲಿರಬೇಕು ಎಂಬುದು ಕಲ್ಲಿನೊಳಗೆ ಮೊದಲೇ ನಿಶ್ಚಯವಾಗಿರುತ್ತದೆ. ಪೀಪಾಯಿಯನ್ನು ಅಡ್ಡಕ್ಕೆ, ಅದರ ಉದ್ದಕ್ಕೆ ಸರಿಯಾಗಿ ಲಂಬವಾಗಿ ಕೊಯ್ದು ತಳ ಮಾಡಿದರೆ ಮಾತ್ರ ನಕ್ಷತ್ರ ಗುಮ್ಮಟದ ನೆತ್ತಿಗೆ ಬರುತ್ತದೆ.

ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಓರೆಯಾಗಿ ಕೊಯ್ದೆ. ಅಡ್ಡಕ್ಕೆ ಕೊಯ್ದರೆ ಚಿಕ್ಕ ದುಂಡು ಕಲ್ಲು, ಓರೆಯಾಗಿ ಕೊಯ್ದರೆ ಉದ್ದನೆಯ, ಕಣ್ತುಂಬುವ ಕಲ್ಲು. ಸ್ವಲ್ಪ ವಾಲಿದರೆ ಆಮೇಲೆ ಸರಿಪಡಿಸಿಕೊಂಡರಾಯಿತು ಎಂದುಕೊಂಡೆ. ರೈತರ ಮನೆಯವರು ದೊಡ್ಡ ಕಲ್ಲನ್ನು ನೋಡಿ ಬೆರಗಾಗಲಿ ಎಂಬ ಆಸೆ ನನ್ನದು, ಅವರದಲ್ಲ. ಅವರು ಗಾತ್ರದ ಮಾತನ್ನೇ ಆಡಿರಲಿಲ್ಲ.

ಅರಗು ಕಾಯಿಸಿ ಕಲ್ಲನ್ನು ಕಡ್ಡಿಗೆ ಕೂರಿಸಿ ಗುಮ್ಮಟ ತಿರುವಿದೆ. ಒಂದು ಹನಿ ಎಣ್ಣೆ ಹಚ್ಚಿ ನೋಡಿದರೆ ನಕ್ಷತ್ರ ಅಂಚಿಗೆ ಜಾರಿ ಅರ್ಧ ಮುಳುಗಿತ್ತು. ಅದನ್ನು ನೆತ್ತಿಗೆ ತರಬೇಕೆಂದು ಒಂದೇ ಮಗ್ಗುಲನ್ನು ಒತ್ತಿ ಒತ್ತಿ ಉಜ್ಜಿದೆ. ರಾತ್ರಿಯಾಗಿತ್ತು, ಬಾಟಲಿಯ ನೀರು ಮುಗಿದದ್ದು ಗಮನಕ್ಕೆ ಬರಲಿಲ್ಲ. ಅರಗು ಕರಗುವ ವಾಸನೆ ಬಂದಾಗ ಗಾಬರಿಯಾಗಿ, ಕಾದ ಕಲ್ಲಿನ ಮೇಲೆ ಚೊಂಬಿನ ತಣ್ಣೀರು ಸುರಿದೆ. ಚಟ್ ಎಂದು ಸದ್ದಾಯಿತು. ಕಲ್ಲು ಕೊಯ್ದಿಟ್ಟ ಹಾಗೆ, ನುಣುಪಾದ ಪದರದ ಗುಂಟ ಎರಡಾಯಿತು.

ಮರುದಿನ ಅವರಿಗೆ ಹೇಳಿದ್ದು, "ಕಲ್ಲಲ್ಲೇ ಬಿರುಕಿತ್ತು ಅಣ್ಣ." ಕಲ್ಲು ಕಳೆದದ್ದಕ್ಕಿಂತ ಈ ಮಾತೇ ನನ್ನನ್ನು ಹೆಚ್ಚು ಕೊರೆದದ್ದು. ಅವರು ತುಂಡುಗಳನ್ನೂ ಕೇಳದೆ, "ಹೋಗ್ಲಿ ಬಿಡಪ್ಪ, ನೀನೇನ್ ಮಾಡ್ತೀಯ" ಎಂದು ನನ್ನನ್ನೇ ಸಮಾಧಾನ ಮಾಡಿ ಹೋದರು.

ಆ ಎರಡು ತುಂಡುಗಳನ್ನು ನಂಜನಗೂಡಿನಲ್ಲಿ ಕಲ್ಲು ಕೂರಿಸುವ ಹಿರಿಯರೊಬ್ಬರಿಗೆ ತೋರಿಸಿದೆ. ಮೊಹ್ಸ್ ಮಾಪನದಲ್ಲಿ ವಜ್ರ 10, ಇದು 9, ಇಷ್ಟು ಗಡಸು ಕಲ್ಲು ಹೇಗೆ ಒಡೆಯಿತು ಎಂದು ಕೇಳಿದೆ. "ಗೀರು ಬೀಳ್ದೇ ಇರೋದು ಬೇರೆ, ಒಡೀದೇ ಇರೋದು ಬೇರೆ. ಒಳಗೆ ಪದರ ಇರೋ ಕಲ್ಲು ಇದು. ದೇವಸ್ಥಾನದ ಪಚ್ಚೆಲಿಂಗ ನೋಡಿದ್ದೀರಲ್ಲ?" ಅಂದರು. ಕಣ್ಣು ಕಳೆದುಕೊಂಡಿದ್ದ ತನ್ನ ಆನೆಗೆ ನಂಜುಂಡೇಶ್ವರನ ಕೃಪೆಯಿಂದ ದೃಷ್ಟಿ ಮರಳಿತೆಂದು ಟಿಪ್ಪು ಸುಲ್ತಾನ ದೇವರನ್ನು ಹಕೀಂ ನಂಜುಂಡ ಎಂದು ಕರೆದು ಒಪ್ಪಿಸಿದನೆಂದು ಜನ ಹೇಳುವ ಹಸಿರು ಲಿಂಗ ಅದು. ಜೇಡ್ ಶಿಲೆಯದು. ಜೇಡ್‌ನ ಗಡಸುತನ ಆರರಿಂದ ಏಳರ ನಡುವೆ. ನನ್ನ ಕೆಂಪು ಅದನ್ನು ಸಲೀಸಾಗಿ ಗೀರಬಲ್ಲದು. ಆದರೆ ಜೇಡ್‌ನೊಳಗೆ ಸೂಕ್ಷ್ಮ ಎಳೆಗಳು, ಕಣಗಳು ಕಂಬಳಿಯ ನೂಲಿನಂತೆ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ, ಪೆಟ್ಟು ಬಿದ್ದರೂ ಸೀಳು ಓಡಲು ದಾರಿ ಸಿಗುವುದಿಲ್ಲ. ರೂಬಿ ಸೇರುವ ಕೊರಂಡಮ್ ಜಾತಿಯ ಕಲ್ಲಿಗೆ ಅಂಥ ಹೆಣಿಗೆಯಿಲ್ಲ. ನಮ್ಮ ಕಡೆಯ ಎಷ್ಟೋ ತುಂಡುಗಳು ತಳಕ್ಕೆ ಸಮಾನಾಂತರವಾಗಿ ಪದರ ಬಿಡುವ ಸ್ವಭಾವದವು. ನನ್ನ ತಣ್ಣೀರು ಆ ಪದರವನ್ನು ಹುಡುಕಿಕೊಂಡಿತು.

ಗಡಸು ಎಂದರೆ ಗಟ್ಟಿ ಎಂದು ತಿಳಿದೇ ನಾನು ಅಷ್ಟು ಒತ್ತಿದ್ದೆ. ನಮ್ಮದೇ ತಾಲ್ಲೂಕಿನ ಸೋಮನಾಥಪುರದ ದೇವಸ್ಥಾನ ಹೊಯ್ಸಳರ ಮೂರನೆಯ ನರಸಿಂಹನ ಕಾಲದ್ದು. ಅಲ್ಲಿ ಮಲ್ಲಿತಮ್ಮನಂಥ ಶಿಲ್ಪಿಗಳು ಕೆತ್ತಿದ್ದು ಮೆದು ಬಳಪದ ಕಲ್ಲು. ಅದರ ಕುಸುರಿಯನ್ನು ಚಿಕ್ಕಂದಿನಿಂದ ನೋಡಿದ್ದರೂ, ಕಲ್ಲಿನ ಸ್ವಭಾವ ತಿಳಿದು ಉಳಿ ಹಿಡಿದವರ ಕೆಲಸ ಅದು ಎಂಬುದು ನನಗೆ ಹೊಳೆದದ್ದು ಈ ಒಡಕಿನ ಮೇಲೆಯೇ.

ನೀರಿನ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಗುಜರಾತಿನ ಖಂಭಾತ್‌ನಲ್ಲಿ ಅಗೇಟು ಉಜ್ಜುವ ಮನೆಮನೆಗಳಲ್ಲಿ ಸಿಲಿಕಾ ದೂಳು ಕುಡಿದು ಸಿಲಿಕೋಸಿಸ್‌ನಿಂದ ಸತ್ತವರಿದ್ದಾರೆ. ಶ್ವಾಸಕೋಶ ಒಮ್ಮೆ ಕಲ್ಲುಗಟ್ಟಿತೆಂದರೆ ವಾಸಿ ಮಾಡುವ ಔಷಧಿಯಿಲ್ಲ. ನಾನೂ ಮೊದಮೊದಲು ಅಗೇಟನ್ನು ಬಾಗಿಲು ಹಾಕಿಕೊಂಡು, ಬರೀ ಮೂಗಿಗೆ, ಬಾಟಲಿಯಿದ್ದೂ ನೀರು ಬಿಡದೆ ಒಣಗೇ ಉಜ್ಜುತ್ತಿದ್ದೆ. ಮನೆಯಲ್ಲಿ ಇದನ್ನು ಹವ್ಯಾಸವಾಗಿ ಹಿಡಿಯುವವರು ದಯವಿಟ್ಟು ನೀರಿಲ್ಲದೆ ಚಕ್ರ ತಿರುಗಿಸಬೇಡಿ, ದೂಳು ತಡೆಯುವ ಒಳ್ಳೆಯ ಮಾಸ್ಕ್ ಇಲ್ಲದೆ ಕೂರಬೇಡಿ. ಹಿಟ್ಟಾದ ಕೆಸರನ್ನು ಒಣಗಲು ಬಿಡದೆ ಒದ್ದೆಯಿರುವಾಗಲೇ ಬಳಿದು ತೆಗೆಯಿರಿ.

ಮದುವೆ ಕಳೆದ ಮೇಲೆ ಆ ರೈತರ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಓರೆಯಾಗಿ ಕೊಯ್ದದ್ದು, ನೀರು ಮುಗಿದದ್ದು, ಬಿರುಕಿನ ಸುಳ್ಳು, ಯಾವುದನ್ನೂ ಬಿಡಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಲ್ಲು ಒಡ್ದೋಗದು ಇದ್ದದ್ದೇ. ಆವತ್ತೇ ಯೋಳ್ಬೇಕಾಗಿತ್ತು ನೀನು" ಅಂದರು. ಹಣ ಕೊಡಲು ಹೋದರೆ ಮುಟ್ಟಲಿಲ್ಲ. ಕಾಫಿ ಕೊಟ್ಟರು. ಮತ್ತೆ ಕಲ್ಲು ತಂದುಕೊಟ್ಟಿಲ್ಲ.

ಈಗ ಯಾರಾದರೂ ಕಲ್ಲು ತಂದರೆ ಅವರೆದುರಿಗೇ ಟಾರ್ಚು ಹಿಡಿದು ಪದರ ಎಲ್ಲಿದೆ, ನಕ್ಷತ್ರ ಎಲ್ಲಿ ಕೂರುತ್ತದೆ ಎಂದು ಪೆನ್ಸಿಲಿನಲ್ಲಿ ಗೆರೆ ಎಳೆದು ತೋರಿಸುತ್ತೇನೆ. ಅರ್ಧಕ್ಕಿಂತ ಹೆಚ್ಚು ತೂಕ ಹಿಟ್ಟಾಗಿ ಹೋಗುತ್ತದೆ, ಉಳಿಯುವುದು ಇಷ್ಟು, ಒಡೆಯಲೂಬಹುದು ಎಂದು ಮೊದಲೇ ಹೇಳುತ್ತೇನೆ. ಒಪ್ಪದವರು ಕಲ್ಲು ವಾಪಸು ತೆಗೆದುಕೊಂಡು ಹೋಗುತ್ತಾರೆ, ಹೋದವರೂ ಇದ್ದಾರೆ.