ಮಜಾನೂ ಬೇಕು, ಮನೇನೂ ಮುಟ್ಟಬೇಕು

ಆರು ಲಕ್ಷ ರೂಪಾಯಿಗೆ ಯಾವ ಸೆಕೆಂಡ್ ಹ್ಯಾಂಡ್ ಕಾರು ತಗೊಳ್ಲಿ ಅಂತ ರಾಣೆಬೆನ್ನೂರಿನಲ್ಲಿ ಹತ್ತು ಜನರನ್ನ ಕೇಳಿ ನೋಡಿ. ಒಂಬತ್ತು ಜನ ‘ಡಿಸೈರ್ ತಗೊಂಡ್ ಸುಮ್ಕಿರ್ರಿ’ ಅಂತಾರೆ. ಹತ್ತನೆಯವರು ತಮ್ಮ ಡಿಸೈರನ್ನೇ ಮಾರೋಕೆ ಇಟ್ಟಿರ್ತಾರೆ. ಡಿಸೈರ್ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲಿ ವರ್ಷಗಟ್ಟಲೆ ಫಸ್ಟ್ ಗೇರು, ಸೆಕೆಂಡ್ ಗೇರು ಅಂತ ತೆವಳಿ, ವರ್ಕ್ ಫ್ರಮ್ ಹೋಮ್ ಪುಣ್ಯದಿಂದ ಊರಿಗೆ ವಾಪಸ್ ಬಂದವನು ನಾನು. ಊರ ಪಕ್ಕದಲ್ಲೇ ಎನ್‌ಎಚ್ 48 ಹಾದುಹೋಗಿದೆ. ಆಕ್ಸಿಲರೇಟರ್ ಒತ್ತಿದರೆ ಮುಖದ ಮೇಲೆ ನಗು ಬರುವಂಥ ಕಾರು ಬೇಕು ಅನಿಸೋದು ತಪ್ಪಾ ಹೇಳಿ?

ತೊಂದರೆ ಏನಂದ್ರೆ ಮನೆಗೆ ಇರೋದು ಒಂದೇ ಕಾರಿನ ದುಡ್ಡು. ಹೆಂಡತಿ ಬ್ಯಾಡಗಿಯ ಕಾಲೇಜೊಂದರಲ್ಲಿ ಪಾಠ ಮಾಡ್ತಾಳೆ, ದಿನಾ ಹೋಗಿ ಬರಬೇಕು. ಅಪ್ಪ, ಅವ್ವ ಹಾವೇರಿಯಲ್ಲಿದ್ದಾರೆ. ಹೋದ ವರ್ಷ ಅವ್ವನಿಗೆ ಸ್ಟೆಂಟ್ ಹಾಕಿಸಿದ್ದೇವೆ, ಎರಡು ತಿಂಗಳಿಗೊಮ್ಮೆ ಹುಬ್ಬಳ್ಳಿಗೆ ತೋರಿಸೋಕೆ ಹೋಗಬೇಕು. ಎದೆನೋವು ಬಂದ ಆ ರಾತ್ರಿ ನಮ್ಮ ಹತ್ತಿರ ಕಾರಿರಲಿಲ್ಲ. ಬಾಡಿಗೆ ಗಾಡಿ ಹಾವೇರಿಯ ಮನೆ ಮುಂದೆ ಬಂದು ನಿಲ್ಲೋಕೆ ಒಂದೂವರೆ ತಾಸು ಹಿಡೀತು. ಅವ್ವ ಉಳಿದಳು. ಆ ಒಂದೂವರೆ ತಾಸಿನ ಬಗ್ಗೆ ಮನೆಯಲ್ಲಿ ಯಾರೂ ಮಾತಾಡಲ್ಲ, ಆದರೆ ಕಾರಿನ ಮಾತು ಬಂದಾಗಲೆಲ್ಲ ಅದು ನಮ್ಮ ಮಧ್ಯೆ ಬಂದು ಕೂತಿರುತ್ತೆ.

ಹೀಗಾಗಿ ಹೆಂಡತಿಯ ಷರತ್ತು ಒಂದೇ ಇತ್ತು. ‘ನಿಮಗ ಮಜಾ ಬೇಕಂದ್ರ ಮಜಾದ್ದ ತಗೋರಿ. ಆದ್ರ ಸಂಜಿ ಏಳಕ್ಕ ಮೋಟೆಬೆನ್ನೂರ ಕ್ರಾಸಿನ್ಯಾಗ ಗಾಡಿ ಬಂದ್ ಬಿದ್ರ ನಾ ಯಾರಿಗೆ ಫೋನ್ ಹಚ್ಚಬೇಕು, ಅವರು ಎಷ್ಟೊತ್ತಿಗೆ ಬರ್ತಾರ, ಅದನ್ನ ಮೊದಲ ಹೇಳ್ರಿ.’

ಯೂಟ್ಯೂಬಿನ ನೂರು ರಿವ್ಯೂಗಳಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಅಲ್ಲಿಂದಾಚೆ ಪ್ರತಿ ಕಾರನ್ನೂ ನಾನು ಮೋಟೆಬೆನ್ನೂರು ಕ್ರಾಸಿನಲ್ಲಿ ನಿಲ್ಲಿಸಿಯೇ ನೋಡಿದ್ದು.

ನಮ್ಮ ಕಡೆ ಮಜಾ ಅಂದ್ರೆ ಏನು ಅನ್ನೋದನ್ನೂ ಹೇಳಿಬಿಡ್ತೀನಿ. ಟಾಪ್ ಸ್ಪೀಡ್ ಅಂತೂ ಅಲ್ಲ. ಹೈವೇಲಿ ಯಾವ ಕ್ಷಣಕ್ಕೆ ಎದುರಿನಿಂದ ರಾಂಗ್ ಸೈಡಲ್ಲಿ ಬೈಕ್ ಬರುತ್ತೋ ಗೊತ್ತಿಲ್ಲ. ಸುಗ್ಗಿಯಲ್ಲಿ ಸರ್ವೀಸ್ ರೋಡಿನ ಅರ್ಧ ಮೆಕ್ಕೆಜೋಳ ಒಣಗೋಕೆ ಮೀಸಲು. (ಆ ಜೋಳವೇ ಎಥನಾಲ್ ಆಗಿ ಪೆಟ್ರೋಲಿನಲ್ಲಿ ಬೆರೆತು ವಾಪಸ್ ನಮ್ಮ ಟ್ಯಾಂಕಿಗೇ ಬರ್ತಿದೆ. ಹಳೇ ಪೆಟ್ರೋಲ್ ಕಾರು ತಗೊಳ್ಳೋರು ಇಂಧನದ ರಬ್ಬರ್ ಪೈಪುಗಳನ್ನ ಒಮ್ಮೆ ನೋಡಿಸಿ, ಬಂಕಿನಲ್ಲೀಗ ಸಿಗೋದು ಶೇ. 20 ಎಥನಾಲ್ ಬೆರೆತದ್ದು.) ಹಿಂದಿನ ಲೈಟಿಲ್ಲದ ಟ್ರ್ಯಾಕ್ಟರನ್ನ ಮೂರನೇ ಗೇರಿನಲ್ಲಿ ಚಕ್ಕಂತ ದಾಟೋಕೆ ಎಳೆತ ಬೇಕು. ಅದಕ್ಕಿಂತ ಹೆಚ್ಚಾಗಿ, ಬಣ್ಣ ಹೊಡೆಯದ ಹಂಪು ಕಂಡಾಗ ಹಿಡಿಯೋ ಬ್ರೇಕು ಬೇಕು. ಹಾನಗಲ್ ಮೇಲೆ ಶಿರಸಿಗೆ ಹೋಗಿ ದೇವಿಮನೆ ಘಟ್ಟ ಇಳಿಯುವಾಗ ಸ್ಟೀರಿಂಗು ಕೈಯ ಜೊತೆ ಮಾತಾಡಬೇಕು. ಇಷ್ಟಿದ್ರೆ ನಂಗೆ ಸಾಕು.

ಆಕ್ಟೇವಿಯಾ ಆರ್‌ಎಸ್ ಕನಸನ್ನ ಒಂದೇ ದಿನದಲ್ಲಿ ಮಡಚಿಟ್ಟೆ. 2017ರದ್ದು 230 ಪಿಎಸ್, 2020ರದ್ದು 245. ಎರಡೂ ನನ್ನ ಬಜೆಟ್ಟಿನ ಕಡೆ ತಿರುಗಿಯೂ ನೋಡಲ್ಲ.

ಹಾವೇರಿಯಲ್ಲೊಂದು ಪೋಲೊ ಜಿಟಿ ಟಿಎಸ್‌ಐ ಸಿಕ್ಕಿತು, ಕೆಎ 27 ನಂಬರಿನದ್ದು. 1.2 ಲೀಟರ್ ಟರ್ಬೊ, 105 ಪಿಎಸ್, ಏಳು ಗೇರಿನ ಡಿಎಸ್‌ಜಿ. ಓಡಿಸಿದೆ. ಸುಳ್ಳು ಹೇಳಲ್ಲ, ಇಳಿಯೋಕೆ ಮನಸ್ಸಾಗಲಿಲ್ಲ. ಗೇರು ಬದಲಾಗೋದು ಗೊತ್ತೇ ಆಗಲ್ಲ, ಬಾಗಿಲು ಹಾಕಿದ್ರೆ ಬ್ಯಾಂಕ್ ಲಾಕರ್ ಮುಚ್ಚಿದ ಸದ್ದು. ಆದರೆ ಆ ಡ್ರೈ ಕ್ಲಚ್ಚಿನ ಡಿಎಸ್‌ಜಿಗೆ ಜಗತ್ತಿನಾದ್ಯಂತ ಒಂದು ಚರಿತ್ರೆ ಇದೆ. ಅದರ ಮೆಕಾಟ್ರಾನಿಕ್ ಅನ್ನೋ ಭಾಗ ಕೈಕೊಟ್ರೆ ಬಿಲ್ಲು ಲಕ್ಷದ ಲೆಕ್ಕದಲ್ಲಿ ಬರುತ್ತೆ. ವಾರಂಟಿ ಇರೋವರೆಗೆ ಅದು ಕಂಪನಿಯ ತಲೆನೋವು, ಆಮೇಲೆ ನಮ್ಮದು. ಇದೇ ಪೋಲೊ ಬೇಕೇಬೇಕು ಅನ್ನೋರು 2020ರ ನಂತರದ 1.0 ಟಿಎಸ್‌ಐ ನೋಡಿ. ಅದರಲ್ಲಿ ಮ್ಯಾನ್ಯುವಲ್ ಇದೆ, ಆಟೊಮ್ಯಾಟಿಕ್ ಆದ್ರೂ ಮಾಮೂಲಿ ಟಾರ್ಕ್ ಕನ್ವರ್ಟರ್. ಅದು ನನ್ನ ದುಡ್ಡಿಗೆ ಸಿಗಲಿಲ್ಲ. ಜೊತೆಗೆ ಅಪ್ಪನನ್ನ ಹಿಂದಿನ ಸೀಟಿನಲ್ಲಿ ಕೂರಿಸಿ ನೋಡಿದೆ. ಮಂಡಿ ಮುಂದಿನ ಸೀಟಿಗೆ ತಾಗಿತು. ‘ಛಲೋ ಐತಿ, ಆದ್ರ ನನ್ನ ಕಾಲು ಮನ್ಯಾಗ ಬಿಟ್ಟು ಬರಬೇಕಾಗತೈತಿ’ ಅಂದ.

ಬ್ಯಾಡಗಿಯದ್ದು ಇನ್ನೊಂದು ಕಥೆ. ಮೆಣಸಿನಕಾಯಿ ದಲಾಲಿ ಅಂಗಡಿಯ ಸಾವ್ಕಾರರೊಬ್ಬರ ಮನೆಯಲ್ಲಿ ಫಿಯಟ್ ಲಿನಿಯಾ ಟಿ-ಜೆಟ್ ಇದೆ ಅಂತ ಸುದ್ದಿ ಬಂತು. 1.4 ಟರ್ಬೊ ಪೆಟ್ರೋಲು, 114 ಪಿಎಸ್, ಸೆಡಾನು, ಅಪ್ಪನ ಕಾಲಿಗೂ ಜಾಗ. ಬೆಲೆ ಕೇಳಿದ್ರೆ ಬೈಕಿಗಿಂತ ಸ್ವಲ್ಪ ಜಾಸ್ತಿ. ಫಿಯಟ್ ಸ್ಟೀರಿಂಗಿನ ಬಗ್ಗೆ ಗೊತ್ತಿದ್ದೋರು ಯಾಕೆ ಕಣ್ಣು ಮುಚ್ಚಿಕೊಂಡು ಹೊಗಳ್ತಾರೆ ಅಂತ ಎರಡು ಕಿಲೋಮೀಟರಿನಲ್ಲಿ ಅರ್ಥವಾಯ್ತು. ಆಮೇಲೆ ಏಸಿ ಹಾಕಿದೆ. ಒಳಗಿದ್ದ ಮೂವರೂ ಸೀನೋಕೆ ಶುರು ಮಾಡಿದ್ವಿ. ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿದ್ರೆ ಕೆಂಪಗಿತ್ತು, ಅಕ್ಷರಶಃ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಅಂತ ಹೆಸರಿದೆ. ಅದರ ಧೂಳಿಗೆ ಆ ವಿಷಯ ಗೊತ್ತಿರಲಿಲ್ಲ.

ಫಿಲ್ಟರ್ ಬಿಡಿ, ಕೆಲವು ನೂರು ರೂಪಾಯಿ. ನಾನು ಸದಾ ಹೋಗೋ ಗ್ಯಾರೇಜಿನ ಚಾಚಾಗೆ ಫೋನ್ ಮಾಡಿದೆ. ‘ಡೀಸೆಲ್ ಮಲ್ಟಿಜೆಟ್ ಆಗಿದ್ರ ಕಣ್ಣ ಮುಚ್ಚಿ ಬಿಚ್ಚಿ ಕೂಡಸ್ತಿದ್ದೆ ತಮ್ಮಾ, ಅದ ಎಂಜಿನ್ ಸ್ವಿಫ್ಟಿನ್ಯಾಗೂ ಇತ್ತು. ಇದು ಟಿ-ಜೆಟ್. ಸಾಮಾನ ನೀ ತಂದ್ ಕೊಡ್ತೀ ಅಂದ್ರ ನಾನೂ ಕಲೀತೀನಿ’ ಅಂದರು. ಫಿಯಟ್ ಭಾರತದಲ್ಲಿ ತನ್ನ ಹೆಸರಿನ ಕಾರು ಮಾರೋದು ಬಿಟ್ಟು ವರ್ಷಗಳಾದವು. ಮನೆಯಲ್ಲಿ ಇನ್ನೊಂದು ಗಾಡಿ ಇದ್ದು, ಭಾನುವಾರಕ್ಕೆ ಅಂತ ಸಾಕೋದಾದ್ರೆ ಇಂದಿಗೂ ಲಿನಿಯಾಗೆ ನನ್ನ ಓಟು. ಮೋಟೆಬೆನ್ನೂರು ಕ್ರಾಸಿನಲ್ಲಿ ಮಾತ್ರ ಅದು ಫೇಲು.

ನಡುವೆ ಏಜೆಂಟೊಬ್ಬ ದೆಹಲಿ ನಂಬರಿನ ಡೀಸೆಲ್ ಕಾರುಗಳ ಫೋಟೊ ವಾಟ್ಸಾಪಿನಲ್ಲಿ ಸುರಿದ. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳ ವಿರುದ್ಧ 2015ರಲ್ಲೇ ಹಸಿರು ನ್ಯಾಯಮಂಡಳಿ ಆದೇಶ ಕೊಟ್ಟಿದ್ದರಿಂದ ವಯಸ್ಸಾಗುತ್ತಿದ್ದಂತೆ ಅವು ಅಗ್ಗವಾಗಿ ಬೇರೆ ರಾಜ್ಯಗಳ ದಾರಿ ಹಿಡೀತವೆ. ಬೆಲೆ ನೋಡಿದ್ರೆ ಬಾಯಲ್ಲಿ ನೀರು. ಎನ್‌ಒಸಿ, ಕರ್ನಾಟಕದ ಲೈಫ್ ಟ್ಯಾಕ್ಸು, ಹೊಸ ನಂಬರು ಎಲ್ಲ ಕೂಡಿಸಿ ನೋಡಿದ್ರೆ ನೀರು ಆರುತ್ತೆ.

ಕೊನೆಗೆ ಸಿಕ್ಕಿದ್ದು ರಾಣೆಬೆನ್ನೂರಿನಲ್ಲೇ, ನಮ್ಮ ಮನೆಯಿಂದ ಎರಡು ಓಣಿ ಆಚೆ: 2018ರ ಬಲೆನೊ ಆರ್‌ಎಸ್. ಇದನ್ನ ಜನ ಮರೆತೇಬಿಟ್ಟಿದ್ದಾರೆ. 2017ರಲ್ಲಿ ಬಂತು, ಬಿಎಸ್-6 ಬರೋ ಹೊತ್ತಿಗೆ ಹೋಯ್ತು. 1.0 ಲೀಟರ್ ಬೂಸ್ಟರ್‌ಜೆಟ್ ಟರ್ಬೊ, 102 ಪಿಎಸ್, ಐದು ಗೇರಿನ ಮ್ಯಾನ್ಯುವಲ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕು. ಹೊರಗಿನಿಂದ ನೋಡಿದ್ರೆ ಊರ ತುಂಬ ಓಡಾಡೋ ಬಲೆನೊನೇ. ಎಂಜಿನ್ ಬಿಟ್ಟರೆ ಬಾಡಿಯ ಹೆಚ್ಚಿನ ಸಾಮಾನು ಯಾವ ಅಂಗಡಿಯಲ್ಲಾದ್ರೂ ಸಿಗುತ್ತೆ. ಅಪ್ಪನ ಮಂಡಿಗೆ ಜಾಗ ಇದೆ, ಡಿಕ್ಕಿ 339 ಲೀಟರು. ಹಿಂದೆಂದೂ ಇದನ್ನ ಪರ್ಫಾರ್ಮೆನ್ಸ್ ಕಾರು ಅಂತ ಯಾರಾದ್ರೂ ಅಂದಿದ್ರೆ ನಾನೂ ನಕ್ಕಿರ್ತಿದ್ದೆ. ಎರಡು ಸಾವಿರ ಆರ್‌ಪಿಎಂ ದಾಟಿದ ಮೇಲೆ ನಗು ಬೇರೆ ಥರದ್ದು.

ಇಷ್ಟವಾಯ್ತು ಅಂತ ದುಡ್ಡು ಎಣಿಸಲಿಲ್ಲ. ಟರ್ಬೊ ಕಾರನ್ನ ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿ ನೋಡಬೇಕು. ನಾನು ಹೇಳದೇ ಬೆಳಗ್ಗೆ ಆರೂವರೆಗೇ ಹೋಗಿ ಬಾನೆಟ್ ಮೇಲೆ ಕೈ ಇಟ್ಟೆ. ಬೆಚ್ಚಗಿದ್ರೆ ಮಾರೋನು ಮೊದಲೇ ಓಡಿಸಿ ಇಟ್ಟಿದ್ದಾನೆ ಅಂತ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದ್ರೆ ಆಯಿಲ್ ಸುಡ್ತಿದೆ, ಕೈಮುಗಿದು ಬನ್ನಿ. ಟೈರಿನ ಪಕ್ಕದಲ್ಲಿ ನಾಲ್ಕಂಕಿ ಇರುತ್ತೆ: 2318 ಅಂದ್ರೆ 2018ರ 23ನೇ ವಾರ. ಮೀಟರು ಮೂವತ್ತು ಸಾವಿರ ತೋರಿಸ್ತಾ ಟೈರು ಎರಡನೇ ಜೊತೆಯದ್ದಾಗಿದ್ರೆ ಮೀಟರನ್ನ ನಂಬಬೇಡಿ. ಎಂಜಿನ್ ರೀಮ್ಯಾಪ್ ಆಗಿದ್ಯಾ ಅಂತ ನೇರವಾಗಿ ಕೇಳಿ. ಇಂಥ ಕಾರುಗಳನ್ನ ಮೊದಲು ಕೊಳ್ಳೋರೇ ನನ್ನಂಥೋರು, ಸುಮ್ಮನೆ ಇರೋ ಜಾತಿ ಅಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಬ್ರೇಕು. 2023ರ ಏಪ್ರಿಲಿನಲ್ಲಿ ಮಾರುತಿ 7,213 ಬಲೆನೊ ಆರ್‌ಎಸ್‌ಗಳನ್ನ ವಾಪಸ್ ಕರೆದಿತ್ತು. ಬ್ರೇಕಿಗೆ ನೆರವಾಗೋ ವ್ಯಾಕ್ಯೂಮ್ ಪಂಪಿನಲ್ಲಿ ದೋಷ ಇರಬಹುದು, ಪೆಡಲ್ ಹೆಚ್ಚು ಜೋರಾಗಿ ಒತ್ತಬೇಕಾಗಬಹುದು ಅನ್ನೋದು ಕಾರಣ. 2016ರ ಅಕ್ಟೋಬರಿನಿಂದ 2019ರ ನವೆಂಬರ್ ಮೊದಲ ದಿನದವರೆಗೆ ತಯಾರಾದವು. ಅಂದ್ರೆ ನಾನು ನೋಡ್ತಿದ್ದ ಕಾರೂ ಅದರೊಳಗೇ. ಚಾಸಿ ನಂಬರ್ ಕೊಟ್ಟು ಸರ್ವೀಸ್ ಸೆಂಟರಿನಲ್ಲಿ ವಿಚಾರಿಸಿದೆ, ಪಂಪು ನೋಡಿ ಸರಿಮಾಡಿದ ದಾಖಲೆ ಇತ್ತು. ಇರದಿದ್ರೆ ಅವತ್ತೇ ಎದ್ದು ಬರ್ತಿದ್ದೆ. ನಂಬಿಕಸ್ಥ ಕಾರು ಅಂದ್ರೆ ಎಂದೂ ಕೆಡದ ಕಾರಲ್ಲ. ಕೆಟ್ಟದ್ದು ಯಾವುದು, ಸರಿಮಾಡಿದ್ದು ಯಾರು ಅಂತ ಕಾಗದದ ಮೇಲೆ ಇರೋ ಕಾರು.

ಚಾಚಾ ಕೆಳಗೆ ಮಲಗಿ ನೋಡಿ, ಟಾರ್ಚು ಆರಿಸಿ, ‘ಇದು ಬಂದ್ ಬಿದ್ರ ಭಾಭಿ ನನಗ ಫೋನ್ ಹಚ್ಚಲಿ, ಅರ್ಧ ತಾಸಿನ್ಯಾಗ ಬರ್ತೀನಿ’ ಅಂದರು. ನನಗೆ ಬೇಕಿದ್ದ ವಾರಂಟಿ ಅದೇ. ಆದರೂ ಕೊನೆಯ ಟೆಸ್ಟ್ ಡ್ರೈವ್ ನನ್ನದಲ್ಲ. ಹೆಂಡತಿ ಬ್ಯಾಡಗಿಗೆ ಓಡಿಸಿಕೊಂಡು ಹೋಗಿ ಬಂದಳು. ನಾನು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಹೋಗುವಾಗ ನಲವತ್ತು, ಬರುವಾಗ ಎಂಬತ್ತು. ‘ಕ್ಲಚ್ ಹಗುರೈತಿ’ ಅಂದಳು, ಅಷ್ಟೇ.

5.60 ಲಕ್ಷಕ್ಕೆ ಮುಗೀತು. ಉಳಿದ ನಲವತ್ತು ಸಾವಿರ ನಾಲ್ಕು ಟೈರು, ಬ್ಯಾಟರಿ, ಎಂಜಿನ್ ಆಯಿಲ್, ಬ್ರೇಕ್ ಆಯಿಲಿಗೆ. ಇದನ್ನ ಮೊದಲೇ ಎತ್ತಿಡಿ, ಇಡೀ ಬಜೆಟ್ ಕಾರಿಗೇ ಸುರಿಯಬೇಡಿ. ಫಾರ್ಮ್ 29, 30 ಇಬ್ಬರ ಸಹಿ ಹಾಕಿಸಿ, ಹಿಂದೆ ಸಾಲ ಇದ್ದದ್ದಕ್ಕೆ ಫಾರ್ಮ್ 35 ತಗೊಂಡೆ. ದುಡ್ಡು ಕೊಡೋ ಮುಂಚೆ ಚಲನ್ ಬಾಕಿ ಇಲ್ಲ ಅಂತ ನೋಡಿಕೊಂಡೆ. ಇನ್ಶೂರೆನ್ಸ್ ನಮ್ಮ ಹೆಸರಿಗೆ ಮಾಡಿಸೋಕೆ 14 ದಿನದೊಳಗೆ ಅರ್ಜಿ ಹಾಕಬೇಕು, ಹಳೇ ಮಾಲೀಕರ ನೋ ಕ್ಲೇಮ್ ಬೋನಸ್ ನಮಗೆ ಬರಲ್ಲ.

ಈಗ ವಾರದಲ್ಲಿ ಐದು ದಿನ ಕಾರು ಬ್ಯಾಡಗಿಗೆ ಹೋಗುತ್ತೆ, ಕೀ ಅವಳ ಬ್ಯಾಗಿನಲ್ಲಿರುತ್ತೆ. ನನ್ನ ಪಾಲಿಗೆ ಭಾನುವಾರ ಮತ್ತು ಹುಬ್ಬಳ್ಳಿ. ಹೋದ ತಿಂಗಳು ಅವ್ವನ್ನ ತೋರಿಸೋಕೆ ಹೊರಟಾಗ ಬಂಕಾಪುರ ಬರೋ ಮುಂಚೆಯೇ ಅವಳು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಮೊದಲಿನಿಂದ ಕೊನೆಯವರೆಗೂ ಡಿಸೈರ್ ಡಿಸೈರ್ ಅಂತಿದ್ದ ಅಪ್ಪ ಮುಂದೆ ಕೂತು ಏನೋ ಗೊಣಗ್ತಿದ್ದ. ಕಿವಿಗೊಟ್ಟು ಕೇಳಿದೆ. ನಾವು ದಾಟಿದ ಲಾರಿಗಳನ್ನ ಎಣಿಸ್ತಿದ್ದ. ಶಿಗ್ಗಾಂವಿ ಬರೋವಷ್ಟರಲ್ಲಿ ಹನ್ನೊಂದಾಗಿತ್ತು.